ನಾನು ಎತ್ತಿಕೊಟ್ಟ ಚೆಂಡುಗಳು

ವಾಲಿಬಾಲನ್ನು ಸ್ಮ್ಯಾಶಿನಿಂದ ಕಲಿಯಲು ಹೊರಟವನು ಕೊನೆವರೆಗೂ ಕಲಿಯುವುದಿಲ್ಲ. ನಾನು ಕುಮಟೆಯಲ್ಲಿ ನೌಕರಿ ಮಾಡಿದಷ್ಟು ವರ್ಷವೂ ಹೊಳನಗದ್ದೆಯ ಕಡೆ ಕೊಯ್ಲಾದ ಗದ್ದೆಗಳಲ್ಲಿ ಹುಡುಗರು ಬಲೆ ಕಟ್ಟಿ ಆಡುವುದನ್ನು ನೋಡಿದ್ದೇನೆ. ಎಲ್ಲರಿಗೂ ಹಾರಿ ಹೊಡೆಯುವ ಆಸೆ. ಹೊಡೆಯುವವನಿಗೆ ಚೆಂಡು ಎತ್ತಿಕೊಡಲು ಯಾರಿಗೂ ಮನಸ್ಸಿಲ್ಲ. ನಾನು ಎತ್ತಿಕೊಡುವವನಾಗಿದ್ದೆ. ಅದರಿಂದಲೇ ನನ್ನ ಬದುಕು ಒಂದು ಕಡೆ ತಿರುಗಬೇಕಾದದ್ದು ಇನ್ನೊಂದು ಕಡೆ ತಿರುಗಿತು. ಆಟ ತಿಳಿಯದವರಿಗೆ ನನಗಾದದ್ದು ಅರ್ಥವಾಗುವುದಿಲ್ಲ. ಆದ್ದರಿಂದ ಮೊದಲು ಆಟ.

ಅರವತ್ತರ ದಶಕದ ಮೊದಲ ವರ್ಷಗಳು. ಭಟ್ಕಳದ ಹೈಸ್ಕೂಲಿನಲ್ಲಿ ನಮಗೆ ಒಬ್ಬ ಡ್ರಿಲ್ ಮಾಸ್ತರರಿದ್ದರು. ಮಿಲಿಟರಿಯಲ್ಲಿ ಇದ್ದು ಬಂದವರು. ಬೆಳಿಗ್ಗೆ ಆರಕ್ಕೆ ಸೀಟಿ ಊದಿದರೆ ಆರಕ್ಕೆ ಅಲ್ಲಿರಬೇಕು. ಆರು ಗಂಟೆ ಒಂದು ನಿಮಿಷಕ್ಕೆ ಬಂದವನು ಮೈದಾನವನ್ನು ಹತ್ತು ಸುತ್ತು ಓಡಬೇಕು. ನನಗೆ ಅದು ಕಷ್ಟವಾಗಲಿಲ್ಲ. ನಮ್ಮ ಮನೆಯಲ್ಲಿ ತಂದೆಯವರು ಐದಕ್ಕೇ ಎಬ್ಬಿಸುತ್ತಿದ್ದರು. ಹಾಸಿಗೆ ಮಡಚಿದ್ದು ಸೊಟ್ಟವಾದರೆ ಬಿಚ್ಚಿಸಿ ಮತ್ತೆ ಮಡಚಿಸುತ್ತಿದ್ದರು.

ಮಾಸ್ತರರು ಮೊದಲ ತಿಂಗಳು ಬಲೆಯ ಹತ್ತಿರವೇ ಬಿಡಲಿಲ್ಲ. ಮೊಣಕಾಲು ಬಗ್ಗಿಸಿ ನಿಲ್ಲುವುದು, ನಿಂತಲ್ಲಿಂದ ಎರಡು ಹೆಜ್ಜೆ ಬದಿಗೆ ಜಾರುವುದು, ಇಷ್ಟೇ. "ಚೆಂಡು ನಿಮ್ಮ ಹತ್ರ ಬರೂದಿಲ್ಲ, ನೀವು ಚೆಂಡಿನ ಹತ್ರ ಹೋಗ್ಬೇಕು" ಎನ್ನುತ್ತಿದ್ದರು. ಆಮೇಲೆ ಸರ್ವಿಸ್: ಎಡಗೈಯಲ್ಲಿ ಚೆಂಡು, ಬಲಗೈಯನ್ನು ಹಿಂದಕ್ಕೆ ಒಯ್ದು ಕೆಳಗಿನಿಂದ ಬೀಸಿ ಹೊಡೆತ. ಆಮೇಲೆ ಪಾಸು: ಎದುರಾಳಿಯ ಸರ್ವಿಸನ್ನು ಎರಡೂ ಮುಂಗೈ ಜೋಡಿಸಿ ತಡೆದು ಮೇಲಕ್ಕೆ ಕಳಿಸುವುದು. ಕೈ ಬೀಸಬಾರದು, ಕಾಲಿನಿಂದ ಏಳಬೇಕು. ಆಗಿನ ಚೆಂಡು ದಪ್ಪ ತೊಗಲಿನದು, ಒಂದು ಕಡೆ ಹೊಲಿಗೆಯ ದಾರ. ಮಳೆಗೆ ನೆನೆದರೆ ಕಲ್ಲು. ವಾರದೊಳಗೆ ನಮ್ಮೆಲ್ಲರ ಮುಂಗೈಗಳು ಕೆಂಪಾಗಿ ಊದಿದ್ದವು.

ಕೊನೆಯಲ್ಲಿ ಕಲಿಸಿದ್ದು ಲಿಫ್ಟು ಮತ್ತು ಸ್ಮ್ಯಾಶು. ಪಾಸಾಗಿ ಬಂದ ಚೆಂಡಿನ ಕೆಳಗೆ ಓಡಿ, ಹಣೆಯ ಮೇಲೆ ಹತ್ತೂ ಬೆರಳು ಅಗಲಿಸಿ, ಬಲೆಗೆ ಒಂದು ಮೊಳ ಈಚೆಗೆ ಅದನ್ನು ಎತ್ತಿಬಿಡಬೇಕು. ಬೆರಳಿನಲ್ಲಿ ಚೆಂಡು ಒಂದು ಕ್ಷಣ ನಿಂತರೂ ಹಿಡಿದಂತೆಯೇ, ಸೀಟಿ ಬೀಳುತ್ತದೆ. ಇದು ಚೆಂಡು ಹಿಡಿಯದೆ ಆಡುವ ಆಟ. ಒಂದು ಕಡೆಯವರಿಗೆ ಮೂರೇ ಮುಟ್ಟು: ಪಾಸು, ಲಿಫ್ಟು, ಸ್ಮ್ಯಾಶು. ಮೂರು ಜನರ ಕೈ ದಾಟಿ ಒಂದು ಹೊಡೆತ ಹುಟ್ಟುತ್ತದೆ. ಜನ ಚಪ್ಪಾಳೆ ತಟ್ಟುವುದು ಮೂರನೆಯವನಿಗೆ.

ನಮ್ಮ ಮೂರನೆಯವನು ತೆಂಗಿನಗುಂಡಿಯ ಮೀನುಗಾರರ ಮನೆಯ ಹುಡುಗ. ಶಾಲೆಯ ಬಲೆಯನ್ನು ಹೆಣೆದುಕೊಟ್ಟವರು ಅವನ ಅಪ್ಪನೇ. ದೋಣಿಗೆ ತಂದ ದಾರದಲ್ಲೇ ಹೆಣೆದದ್ದು, ಮೀನು ಬಲೆಯ ಗಂಟು. ಬಲೆ ಕಟ್ಟುವಾಗ ಅವನು ನನ್ನನ್ನು ಕೆಣಕುತ್ತಿದ್ದ: "ಏಯ್, ನಿನ್ ಕೈಗೂ ಮೀನಿನ ಗಾಳಿ ತಾಗ್ತು. ಇವತ್ತು ಮನೆ ಒಳಗೆ ತಕಳ್ತ್ರಾ ಇಲ್ವಾ?" ನಾನು ನಗುತ್ತಿದ್ದೆ. ಕೆಣಕಿದ್ದು ಸುಳ್ಳೇನಲ್ಲ. ತೊಗಲಿನ ಚೆಂಡು ಮುಟ್ಟಿದವನೆಂದು ನಾನು ದಿನವೂ ಹಿತ್ತಿಲಿನಿಂದ ಬಂದು ಬಾವಿಯ ಹತ್ತಿರ ಮಿಂದೇ ಒಳಗೆ ಹೋಗಬೇಕಿತ್ತು. ಬೇಸರವೆಂದುಕೊಂಡದ್ದಿಲ್ಲ. ಆರಕ್ಕೆ ಸೀಟಿ, ಎಂಟಕ್ಕೆ ಸ್ನಾನ. ನನಗೆ ಎರಡೂ ಒಂದೇ ಬಗೆಯ ನಿಯಮಗಳಾಗಿದ್ದವು.

ಅವನಿಗೆ ಎಷ್ಟು ಎತ್ತರದ ಚೆಂಡು ಬೇಕೆಂದು ಎರಡು ವರ್ಷದಲ್ಲಿ ನನ್ನ ಬೆರಳುಗಳಿಗೆ ಗೊತ್ತಾಗಿತ್ತು. ನಾನು ಎತ್ತುವ ಮೊದಲೇ ಅವನು "ಹೋಯ್!" ಎಂದು ಕೂಗಿ ಓಟ ಶುರುಮಾಡುತ್ತಿದ್ದ. ಕಣ್ಣು ಮುಚ್ಚಿ ಎತ್ತಿದ್ದರೂ ಅವನು ಅಲ್ಲಿರುತ್ತಿದ್ದ.

ತಂಡದಲ್ಲಿ ಇಬ್ಬರು ಲಿಫ್ಟರುಗಳು. ಎರಡನೆಯವನು ಭಟ್ಕಳ ಪೇಟೆಯ ನವಾಯತ ಮುಸ್ಲಿಂ ವರ್ತಕರ ಮಗ. ಆಡುವ ಆರು ಜನ ಮೂರು ಮೂರರಂತೆ ಮುಂದೆ ಹಿಂದೆ ನಿಲ್ಲುತ್ತಾರೆ. ಎದುರಾಳಿಯಿಂದ ಸರ್ವಿಸ್ ಕಿತ್ತುಕೊಂಡಾಗಲೆಲ್ಲ ಗಡಿಯಾರದ ಮುಳ್ಳಿನಂತೆ ಒಂದೊಂದು ಸ್ಥಾನ ಸರಿಯುತ್ತಾರೆ. ಲಿಫ್ಟರುಗಳಿಬ್ಬರೂ ಎದುರುಬದುರು ಇರುವುದರಿಂದ ಮುಂದಿನ ಸಾಲಿನಲ್ಲಿ ಯಾವಾಗಲೂ ಒಬ್ಬನೇ. ತೆಂಗಿನಗುಂಡಿಯವನದು ನನ್ನ ಪಕ್ಕದ ಸ್ಥಾನ. ಅವನು ಮುಂದಿನ ಸಾಲಿಗೆ ಬಂದ ಮೂರು ಸರದಿಯಲ್ಲಿ ಎರಡರಲ್ಲಿ ಎತ್ತಿಕೊಡುವವನು ನಾನು, ಒಂದರಲ್ಲಿ ನವಾಯತರ ಹುಡುಗ. ಇದನ್ನು ನೆನಪಿಟ್ಟುಕೊಳ್ಳಬೇಕು.

ಕೊನೆಯ ವರ್ಷ ನಾವು ಹೊನ್ನಾವರದಲ್ಲಿ ನಡೆದ ಶಾಲೆಗಳ ಪಂದ್ಯದ ಫೈನಲಿಗೆ ಬಂದೆವು. ಜಿಲ್ಲಾ ತಂಡವನ್ನು ಆರಿಸುವ ಇಬ್ಬರು ಮಹನೀಯರು ಅಂದು ಸಂಜೆ ಆಟ ನೋಡಲು ಬರುವವರಿದ್ದರು. ನನಗೆ ಡ್ರಿಲ್ ಮಾಸ್ತರನಾಗಬೇಕಿತ್ತು. ಸೀಟಿ, ಬಿಳಿ ಪ್ಯಾಂಟು, ಬೆಳಿಗ್ಗೆ ಆರರ ಮೈದಾನ. ಬೇರೆ ಯಾವ ಕೆಲಸವನ್ನೂ ನಾನು ಕನಸಿನಲ್ಲಿಯೂ ಕಂಡವನಲ್ಲ. ತಂದೆಯವರು ಒಂದೇ ಮಾತು ಹೇಳಿದ್ದರು: "ಜಿಲ್ಲಾ ತಂಡದಲ್ಲಿ ಆಡಿದ ಸರ್ಟಿಫಿಕೇಟು ತಗಂಡು ಬಾ, ಟ್ರೇನಿಂಗಿಗೆ ಕಳಿಸ್ತೆ. ಇಲ್ಲದೆ ಹೋದ್ರೆ ಕಚೇರಿಗೆ ಅರ್ಜಿ ಹಾಕು." ಅವರು ಹೇಳಿದ ಮಾತು ಬದಲಿಸಿದ್ದನ್ನು ನಾನು ಕಂಡಿಲ್ಲ.

ಬೆಳಿಗ್ಗೆ ಶರಾವತಿಯನ್ನು ಲಾಂಚಿನಲ್ಲಿ ದಾಟಿ ಹೊನ್ನಾವರಕ್ಕೆ ಬಂದೆವು. ಸೆಮಿಫೈನಲ್ ಗೆದ್ದೆವು. ಫೈನಲ್ ನಾಲ್ಕಕ್ಕೆ, ಮೂರೂವರೆಗೆ ಮೈದಾನದಲ್ಲಿ ಹಾಜರಿರಬೇಕೆಂದು ಮಾಸ್ತರರ ಆಜ್ಞೆ. ಊರಿನಲ್ಲಿ ನನ್ನ ಸೋದರತ್ತೆಯ ಮನೆಯಿತ್ತು. ಅತ್ತೆ ಮೊದಲೇ ಹೇಳಿ ಕಳಿಸಿದ್ದಳು: "ಊಟಕ್ಕೆ ಬಾ. ನಿನ್ನ ದೋಸ್ತರನ್ನೂ ಕರ್ಕಂಡು ಬಾ."

ನಾನು ಇಬ್ಬರನ್ನೂ ಕರೆದೆ. ನವಾಯತರ ಹುಡುಗ ತನ್ನ ಡಬ್ಬಿ ಬಡಿದು ತೋರಿಸಿದ. "ನಂಗೆ ಮನೆಯಿಂದ ಬಿರಿಯಾನಿ ಉಂಟು. ಗಾಳಿಮರದ ಕೆಳಗೆ ಕೂತ್ರೆ ನಾನೇ ರಾಜ. ನೀವು ಹೋಗಿ ಬನ್ನಿ."

ತೆಂಗಿನಗುಂಡಿಯವನೂ ಒಲ್ಲೆನೆಂದ. "ನಾ ಬರೂದಿಲ್ಲ ಮಾರಾಯ. ಅವಲಕ್ಕಿ ತಂದಿದೆ."

"ಅವಲಕ್ಕಿ ತಿಂದು ಹಾರ್ತ್ಯಾ? ಅತ್ತೆ ಪಾಯಸ ಮಾಡಿದ್ದಾಳೆ, ಬಾರೋ."

"ನಿಮ್ಮ ಮನೆಯವ್ರಿಗೆ ಗೊತ್ತುಂಟಾ ನಾ ಯಾರು ಅಂತ?"

"ಗೊತ್ತಿದೆ, ಅವಳೇ ಕರೆದದ್ದು" ಎಂದು ಕೈ ಹಿಡಿದು ಎಳೆದುಕೊಂಡು ಹೋದೆ.

ಅತ್ತೆ ನಗುತ್ತಲೇ ಬರಮಾಡಿಕೊಂಡಳು. ನನ್ನ ಎಲೆ ಒಳಗೆ, ಮಾವನ ಪಕ್ಕ. ಅವನ ಎಲೆ ಜಗಲಿಯ ತುದಿಯಲ್ಲಿ, ಮೆಟ್ಟಿಲಿನ ಹತ್ತಿರ. ಮಧ್ಯದ ಬಾಗಿಲು ತೆರೆದಿತ್ತು. ನಾನು ಕುಳಿತಲ್ಲಿಂದ ಅವನ ಬೆನ್ನು ಕಾಣುತ್ತಿತ್ತು. ಅತ್ತೆ ಎರಡು ಸಲ ಅನ್ನ, ಮೂರು ಸಲ ಪಾಯಸ ಬಡಿಸಿದಳು. ಸೌಟು ಎಲೆಗೆ ತಾಗದಂತೆ ಮೇಲಿನಿಂದ ಹಾಕುತ್ತಿದ್ದಳು. "ಸಂಕೋಚ ಮಾಡಬೇಡ, ಹೊಟ್ಟೆ ತುಂಬ ಉಣ್ಣು. ಆಡುವ ಹುಡುಗರು" ಎನ್ನುತ್ತಿದ್ದಳು. ಅದು ಮನಸ್ಸಿನಿಂದಲೇ ಬಂದ ಮಾತು.

ಊಟ ಮುಗಿದ ಮೇಲೆ ನನ್ನ ಎಲೆಯನ್ನು ಅತ್ತೆ ತೆಗೆದಳು. ಅವನ ಮುಂದೆ ಒಂದು ತೆಂಗಿನ ಗರಟೆಯಲ್ಲಿ ಸಗಣಿ ಕದಡಿದ ನೀರು ಇಟ್ಟು, "ಎಲೆ ತೆಗೆದು ಹಿತ್ತಿಲಿಗೆ ಹಾಕಿ ಆ ಜಾಗ ಒಂಚೂರು ಒರೆಸಿಬಿಡಪ್ಪ" ಎಂದಳು.

ಅವನು ಅವಳನ್ನು ನೋಡಲಿಲ್ಲ. ಬಾಗಿಲಲ್ಲಿ ನಿಂತಿದ್ದ ನನ್ನನ್ನು ನೋಡಿದ.

ಗೋಡೆಯ ಗಡಿಯಾರದಲ್ಲಿ ಮೂರು ಗಂಟೆ ಐದು ನಿಮಿಷ. ನಾನು ಹೇಳಿದ್ದು ಇದು: "ಬೇಗ ಒರೆಸಿಬಿಡೋ. ಹೊತ್ತಾತು."

ಅವನು ಎಲೆ ಮಡಚಿದ. ಒರೆಸಿದ. ಮೂಲೆ ಬಿಡದೆ, ಅಚ್ಚುಕಟ್ಟಾಗಿ ಒರೆಸಿದ. ಅತ್ತೆ ತೆಂಗಿನ ಬುಡದ ಹತ್ತಿರ ಅವನ ಕೈಗೆ ಮೇಲಿನಿಂದ ನೀರು ಹೊಯ್ದಳು. ನಾವು ಮೂರು ಗಂಟೆ ಇಪ್ಪತ್ತೈದಕ್ಕೆ ಮೈದಾನದಲ್ಲಿದ್ದೆವು. ಐದು ನಿಮಿಷ ಮೊದಲೇ ಬಂದೆವೆಂದು ನನಗೆ ಸಮಾಧಾನ. ದಾರಿಯಲ್ಲಿ ಅವನು ಒಂದು ಮಾತೂ ಆಡಲಿಲ್ಲವೆಂಬುದು ಆಗ ನನ್ನ ಗಮನಕ್ಕೆ ಬರಲಿಲ್ಲ.

ಆಟ ಶುರುವಾಯಿತು. ಮೊದಲ ಪಾಸು ನನಗೆ ಚೆನ್ನಾಗಿ ಬಂತು. ಎತ್ತಿದೆ. "ಹೋಯ್" ಎಂಬ ಕೂಗು ಇಲ್ಲ. ಅವನು ಓಡಿ ಬಂದ, ಹಾರಿದ. ತೋಳು ಹಿಂದಕ್ಕೆ ಹೋಗಲಿಲ್ಲ. ಬೆರಳ ತುದಿಯಿಂದ ಚೆಂಡನ್ನು ಬಲೆಯ ಆಚೆಗೆ ಮೆಲ್ಲಗೆ ದಾಟಿಸಿದ. ಎದುರಾಳಿಗಳು ಸುಲಭವಾಗಿ ಎತ್ತಿಕೊಂಡರು. ಚೆಂಡು ಬಲೆಗೆ ಹತ್ತಿರವಾಯಿತೇನೋ ಎಂದುಕೊಂಡು ಎರಡನೆಯದನ್ನು ಈಚೆಗೆ ಎತ್ತಿದೆ. ಮತ್ತೆ ಬೆರಳ ತುದಿ. ಮೂರನೆಯದಕ್ಕೆ ನನಗೆ ತಿಳಿಯಿತು. ಅದರಲ್ಲಿ ಫೌಲಿಲ್ಲ, ಸೋಮಾರಿತನವಿಲ್ಲ. ಪ್ರತಿಯೊಂದು ಚೆಂಡಿಗೂ ಅವನು ಹಾರಿದ. ರೆಫರಿಗಾಗಲಿ ಮಾಸ್ತರರಿಗಾಗಲಿ ಬೆರಳು ತೋರಿಸಲು ಏನೂ ಇರಲಿಲ್ಲ.

ಸರದಿ ತಿರುಗಿ ನಾನು ಹಿಂದಿನ ಸಾಲಿಗೆ ಹೋದೆ. ನವಾಯತರ ಹುಡುಗ ಮುಂದೆ ಬಂದು ಎತ್ತಿದ. ಅವನ ಲಿಫ್ಟು ನನ್ನದರಷ್ಟು ಚೊಕ್ಕವಲ್ಲ. ಚೆಂಡು ತಿರುಗುತ್ತ ಹೋಗುತ್ತಿತ್ತು. "ಹೋಯ್!" ಎಂಬ ಕೂಗು ಕೇಳಿಸಿತು. ಹೊಡೆತಕ್ಕೆ ಎದುರಾಳಿಯ ಅಂಗಳದ ಮಣ್ಣು ಹಾರಿತು. ಜನ ಎದ್ದು ನಿಂತರು. ಹಾಗೆಯೇ ಎರಡು, ಮೂರು, ನಾಲ್ಕು.

ಲಿಫ್ಟಿನ ಗುಣವನ್ನು ಹೊರಗೆ ಕುಳಿತವರು ಹೊಡೆತದಿಂದಲೇ ಅಳೆಯುತ್ತಾರೆ. ಬೇರೆ ಅಳತೆ ಅವರಿಗೂ ಇಲ್ಲ. ನಾನು ಎತ್ತಿದ ಚೆಂಡುಗಳು ಮೆಲ್ಲಗೆ ದಾಟಿದವು. ನವಾಯತರ ಹುಡುಗ ಎತ್ತಿದವು ಪಾಯಿಂಟಾದವು. ಮೂರು ಸೆಟ್ಟಿನ ಆಟದಲ್ಲಿ ನಾವು ಗೆದ್ದೆವು. ಇಡೀ ತಂಡ ಕುಣಿಯಿತು. ಬೆಂಚಿನ ಮೇಲೆ ಕುಳಿತ ಇಬ್ಬರು ಮಹನೀಯರು ಕಾಗದದಲ್ಲಿ ಏನೋ ಬರೆದುಕೊಂಡರು.

ಮಾಸ್ತರರು ನನ್ನ ಹತ್ತಿರ ಬಂದು, "ನಿನ್ನ ಲಿಫ್ಟಿಗೆ ಇವತ್ತು ಎಂತ ಆಗಿತ್ತು?" ಎಂದರು.

"ಲಿಫ್ಟು ಸರಿಯಿತ್ತು ಸರ್."

"ಸರಿಯಿದ್ರೆ ಅವ ಹೊಡೀತಿರ್ಲಿಲ್ವಾ?"

ಉತ್ತರ ಹೇಳಬೇಕೆಂದರೆ ಊಟದ ವಿಷಯ ಹೇಳಬೇಕು. ನಾನು ಚೆಂಡನ್ನು ಚೀಲಕ್ಕೆ ತುಂಬತೊಡಗಿದೆ.

ವಾಪಸು ಬರುವಾಗ ತೆಂಗಿನಗುಂಡಿಯವನು ಲಾಂಚಿನ ತುದಿಯಲ್ಲಿ ನಿಂತಿದ್ದ. ನವಾಯತರ ಹುಡುಗ ಕಪ್ಪನ್ನು ತಲೆಯ ಮೇಲಿಟ್ಟುಕೊಂಡು ಎಲ್ಲರನ್ನೂ ನಗಿಸುತ್ತಿದ್ದ. ನಾನು ತುದಿಯಲ್ಲಿದ್ದವನ ಪಕ್ಕಕ್ಕೆ ಹೋದೆ.

"ನನ್ನ ಬಾಲು ಒಂದೂ ಹೊಡೀಲಿಲ್ಲ ನೀನು."

"ಆಚೆ ದಾಟಿಸ್ದೆ ಅಲ್ದಾ? ಗೆದ್ದದ್ದು ಯಾರು?"

"ನನ್ನ ಸೆಲೆಕ್ಷನ್ ಹೋಯ್ತು. ಗೊತ್ತಿತ್ತು ನಿಂಗೆ."

"ಗೊತ್ತಿತ್ತು." ನೀರಿನ ಕಡೆ ನೋಡುತ್ತಲೇ ಅವನು ಕೇಳಿದ: "ಮಧ್ಯಾಹ್ನ ನಿಂಗೆ ಬಾಯಿ ಎಲ್ ಹೋಗಿತ್ತಾ?"

ನಾನು ಸಿಟ್ಟಿನಿಂದ, "ಪಾಯಸ ಮೂರು ಸಲ ಹಾಕಿಸಿಕೊಂಡೆಯಲ್ಲ" ಎಂದುಬಿಟ್ಟೆ. ನನ್ನ ಬಾಯಿಂದ ಹೊರಟ ಮಾತುಗಳಲ್ಲಿ ಅದರಷ್ಟು ಹೊಲಸಾದದ್ದು ಇನ್ನೊಂದಿಲ್ಲ. ಅವನು ಜಾಗ ಬದಲಿಸಿದ. ಆಮೇಲೆ ನಾವು ಮಾತನಾಡಲಿಲ್ಲ.

ಎರಡು ವಾರಕ್ಕೆ ಪಟ್ಟಿ ಬಂತು. ತೆಂಗಿನಗುಂಡಿಯವನ ಹೆಸರಿತ್ತು, ನವಾಯತರ ಹುಡುಗನ ಹೆಸರಿತ್ತು. ತಂದೆಯವರು ಪಟ್ಟಿಯ ವಿಷಯ ಕೇಳಿ, ಒಂದು ಬಿಳಿ ಕಾಗದ ಮತ್ತು ಮಸಿಕುಡಿಕೆ ತಂದು ನನ್ನ ಮುಂದಿಟ್ಟರು. ಅರ್ಜಿ ಬರೆದೆ. ಕುಮಟೆಯ ಕಚೇರಿಯಲ್ಲಿ ಗುಮಾಸ್ತನಾದೆ. ಹತ್ತಕ್ಕೆ ಹೋಗಿ ಐದೂವರೆಗೆ ಹೊರಬಂದೆ, ನಿವೃತ್ತಿಯವರೆಗೆ. ತೆಂಗಿನಗುಂಡಿಯವನು ಜಿಲ್ಲಾ ತಂಡದಲ್ಲಿ ಆಡಿ ಪೊಲೀಸ್ ಖಾತೆಗೆ ಸೇರಿದನೆಂದು ಕೇಳಿದೆ.

ಬಹಳ ವರ್ಷ ನಾನು ಅವನನ್ನು ಮನಸ್ಸಿನಲ್ಲಿ ಬೈದಿದ್ದೇನೆ. ಒಂದು ಊಟದ ಎಲೆಗೆ ಒಬ್ಬನ ಇಡೀ ಬದುಕೇ ಎಂದು ಲೆಕ್ಕ ಹಾಕಿದ್ದೇನೆ. ಅವನು ಮಾಡಿದ್ದು ನ್ಯಾಯವೆಂದು ಈಗ ಒಪ್ಪುತ್ತೇನೆ. ಒಪ್ಪಿದ್ದರಿಂದ ಕಹಿ ಕಡಿಮೆಯಾಗಿಲ್ಲ. ತಪ್ಪು ಅವನದಾಗಿದ್ದರೆ ಎಷ್ಟೋ ಹಗುರವಾಗಿರುತ್ತಿತ್ತು.

ಕಚೇರಿ ಸೇರುವ ಮೊದಲು ಒಮ್ಮೆ ಹೊನ್ನಾವರದ ಅತ್ತೆಯ ಮನೆಗೆ ಹೋಗಿದ್ದೆ. ಬಡಿಸುತ್ತ ಅತ್ತೆ ಕೇಳಿದಳು: "ಆ ಮಾಣಿ ಎಷ್ಟ್ ಚೊಲೋ ಉಂಡಿದ್ದ. ಅವನ್ನ ಎಂತಕ್ಕೆ ಕರ್ಕಂಡು ಬಂದ್ಯಿಲ್ಲೆ?"

"ಅಂವ ಇನ್ನು ಬತ್ನಿಲ್ಲೆ, ಅತ್ತೆ."

"ಎಂತಕ್ಕೆ?" ಅವಳ ಕೈಯಲ್ಲಿ ಸೌಟು ಹಾಗೆಯೇ ನಿಂತಿತು. "ಆನು ಬಡಿಸಿದ್ದು ಕಮ್ಮಿ ಆತಾ?"

ಅವಳಿಗೆ ನಿಜವಾಗಿಯೂ ತಿಳಿಯಬೇಕಿತ್ತು. ಹೇಳಿದ್ದರೆ ಕೇಳುತ್ತಿದ್ದಳೋ ಏನೋ. ಮಾವ ಪಕ್ಕದಲ್ಲಿ ಉಣ್ಣುತ್ತಿದ್ದರು. ಜಗಲಿಯ ಬಾಗಿಲು ತೆರೆದಿತ್ತು.

"ಇಲ್ಲೆ ಅತ್ತೆ, ಸಾಕಾಗಿತ್ತು" ಎಂದೆ. ಅವಳು ಸಮಾಧಾನದಿಂದ ನನ್ನ ಎಲೆಗೆ ಇನ್ನೊಂದು ಸೌಟು ಸಾರು ಹಾಕಿದಳು.