ಚುಕ್ಕಿ ನಾಣ್ಯದ ರುಕ್ಮವ್ವ

ಪೀಣ್ಯ ಕೈಗಾರಿಕಾ ಪ್ರದೇಶದ ಎರಡನೇ ಹಂತದಲ್ಲಿ ತಗಡು ಒತ್ತುವ ಪ್ರೆಸ್ ಶೆಡ್ಡುಗಳ ಸಾಲು ಮುಗಿದು ಬಾಡಿಗೆ ರೂಮುಗಳ ಸಾಲು ಶುರುವಾಗುವ ತಿರುವಿನಲ್ಲಿ ರುಕ್ಮವ್ವನ ಖಾನಾವಳಿ ಇತ್ತು. ಅದಕ್ಕೆ ಬೋರ್ಡಿರಲಿಲ್ಲ. ರೊಟ್ಟಿ ಬಡಿಯುವ ಸದ್ದು ಕೇಳಿಕೊಂಡೇ ಜನ ಬರುತ್ತಿದ್ದರು. ಬದಾಮಿ ಕಡೆಯಿಂದ ಗಂಡ ಕಾಡಪ್ಪನ ಜೊತೆ ಬಂದ ಹೊಸತರಲ್ಲಿ ಅವಳು ಕಟ್ಟಡದ ಕೆಲಸಕ್ಕೆ ಹೋಗುತ್ತಿದ್ದಳು. ಸಂಜೆ ರೂಮಿಗೆ ಬಂದು ರೊಟ್ಟಿ ಬಡಿದರೆ ಅಕ್ಕಪಕ್ಕದ ರೂಮಿನ ಹುಡುಗರು ಬಾಗಿಲಲ್ಲಿ ನಿಂತು, “ಅಕ್ಕಾ, ನಮಗೂ ಎರಡು ಬಡದ ಕೊಡ್ರಿ” ಅನ್ನುತ್ತಿದ್ದರು. ಎರಡು ಎಂದದ್ದು ಇಪ್ಪತ್ತಾಗಿ, ಇಪ್ಪತ್ತು ಇನ್ನೂರಾಗಿ, ಗಂಡ ಹೆಂಡಿರಿಬ್ಬರೂ ಗಾರೆ ಕೆಲಸ ಬಿಟ್ಟು ಹಿಟ್ಟಿಗೆ ಕೈ ಹಾಕಿದರು. ಗಲ್ಲಾ ಕಾಡಪ್ಪನದು, ಒಲೆ ರುಕ್ಮವ್ವನದು.

ಎರಡು ಸಾವಿರದ ಏಳರಲ್ಲಿ ಒಂದು ಮಧ್ಯಾಹ್ನ ಸೊಪ್ಪಿನವನಿಗೆ ಕೊಡಲು ಚಿಲ್ಲರೆ ಆರಿಸುತ್ತಿದ್ದ ರುಕ್ಮವ್ವನ ಕೈಗೆ ಐದು ರೂಪಾಯಿಯ ನಾಣ್ಯವೊಂದು ಬಂತು. ಅದರ ಮೇಲೆ ಬಸವಣ್ಣನವರ ಮುಖವಿತ್ತು.

“ಏನ್ರೀ, ಇಲ್ಲಿ ನೋಡ್ರಿ. ರೊಕ್ಕದ ಮ್ಯಾಲೆ ಬಸವಣ್ಣಾರು ಬಂದಾರ!”

“ಬಂದ್ರ ಬರಲಿ. ಸೊಪ್ಪಿನವ ನಿಂತಾನ, ಕೊಟ್ಟ ಕಳಸು.”

“ಬಸವಣ್ಣಾರ್ನ ಸೊಪ್ಪಿನವಗ ಕೊಟ್ಟ ಕಳಸಲ್ಯಾ?”

ಕಾಡಪ್ಪ ತಾನೇ ಬೇರೆ ಚಿಲ್ಲರೆ ಕೊಟ್ಟು ಸೊಪ್ಪಿನವನನ್ನು ಕಳಿಸಿದ. ಆದರೆ ಗಲ್ಲಾದ ದುಡ್ಡು ಹಿಟ್ಟಿಗೆ, ಬಾಡಿಗೆಗೆ, ಗ್ಯಾಸಿಗೆ. ಅದನ್ನು ಮುಟ್ಟುವಂತಿರಲಿಲ್ಲ. ರುಕ್ಮವ್ವನದು ಅಂತ ಇದ್ದ ಆದಾಯ ಒಂದೇ, ಜೋಳದ ಖಾಲಿ ಚೀಲ ಮಾರಿ ಬಂದ ಪುಡಿಗಾಸು. ಅದರಿಂದ ಐದು ರೂಪಾಯಿ ತೆಗೆದು ಗಲ್ಲಾಕ್ಕೆ ಹಾಕಿದಳು, ಬಸವಣ್ಣನವರನ್ನು ದೇವರ ಜಗಲಿಯ ಮೇಲಿಟ್ಟು ಕೈ ಮುಗಿದಳು. ಆವತ್ತಿನಿಂದ ಗಲ್ಲಾಕ್ಕೆ ಬಿದ್ದ ಪ್ರತಿ ನಾಣ್ಯವನ್ನೂ ಒಮ್ಮೆ ತಿರುಗಿಸಿ ನೋಡುವ ಅಭ್ಯಾಸವಾಯಿತು. ನೋಡುತ್ತ ಹೋದರೆ, ಎರಡು ರೂಪಾಯಿ ಅಂತ ಒಂದೇ ಹೆಸರಿನಲ್ಲಿ ಓಡಾಡುವ ನಾಣ್ಯಗಳು ಎಷ್ಟೊಂದು ಬಗೆ! ಒಂದರ ಮೇಲೆ ಶಿವಾಜಿ, ಇನ್ನೊಂದರ ಮೇಲೆ ಸುಭಾಷ್‌ಚಂದ್ರ ಬೋಸ್, ಮತ್ತೊಂದರ ಮೇಲೆ ಬರೀ ಎರಡು ಬೆರಳು. ಹೊಸ ಬಗೆ ಸಿಕ್ಕರೆ ಅಷ್ಟೇ ಬೆಲೆಯ ಬೇರೆ ನಾಣ್ಯ ಹಾಕಿ ಇದನ್ನು ಎತ್ತಿಕೊಳ್ಳುತ್ತಿದ್ದಳು. ಕೆಲವು ತಿಂಗಳಲ್ಲಿ ಬಿಸ್ಕತ್ತಿನ ಡಬ್ಬಿಯೊಂದರ ತಳ ಮುಚ್ಚಿತು.

ಶನಿವಾರಗಳಂದು ಖಾನಾವಳಿಗೆ ಕೃಷ್ಣಸ್ವಾಮಿ ಎನ್ನುವವರು ಬರುತ್ತಿದ್ದರು. ಸರ್ಕಾರಿ ಕಾರ್ಖಾನೆಯೊಂದರ ಟೂಲ್‌ರೂಮಿನಲ್ಲಿದ್ದವರು, ನಿವೃತ್ತಿಗೆ ಹತ್ತಿರವಾದವರು. ಸಕ್ಕರೆ ಕಾಯಿಲೆ ಬಂದ ಮೇಲೆ ಡಾಕ್ಟರು ಅನ್ನ ಬಿಟ್ಟು ಜೋಳ ತಿನ್ನಿ ಅಂದಿದ್ದರು. ಮನೆಯಲ್ಲಿ ಹೆಂಡತಿ ಪಂಕಜಾ ಮಾಡುವ ಜೋಳದ ರೊಟ್ಟಿ ಎತ್ತುವಷ್ಟರಲ್ಲಿ ನಾಲ್ಕು ತುಂಡಾಗುತ್ತಿತ್ತು. ಹಾಗಾಗಿ ಸ್ಕೂಟರ್ ಹತ್ತಿ ಇಲ್ಲಿಗೆ ಬರುತ್ತಿದ್ದರು. ಕಾಲೇಜು ದಿನಗಳಿಂದಲೂ ಅವರಿಗೆ ನಾಣ್ಯ ಕೂಡಿಡುವ ಹುಚ್ಚು ಎನ್ನುವುದು ಗೊತ್ತಾದ ಮರುವಾರವೇ ರುಕ್ಮವ್ವ ಕೈ ಒರೆಸಿಕೊಂಡು ಡಬ್ಬಿ ತಂದು ಅವರ ಮುಂದಿಟ್ಟಳು. ಅವರು ನೋಡುತ್ತಾರೆಂದು ಹಿಂದಿನ ದಿನವೇ ಎಲ್ಲವನ್ನೂ ಹುಣಸೆಹುಳಿಯಲ್ಲಿ ನೆನೆಸಿ, ಪಾತ್ರೆ ತಿಕ್ಕುವ ಪುಡಿ ಹಾಕಿ ಫಳಫಳ ಬೆಳಗಿದ್ದಳು.

ಕೃಷ್ಣಸ್ವಾಮಿ ಮುಚ್ಚಳ ತೆಗೆದರು.

“ಅಯ್ಯೋ ರುಕ್ಮವ್ವ, ತೊಳ್ದುಬಿಟ್ರಾ?”

“ಹೌದ್ರಿ ಸರ್. ನೀವು ನೋಡ್ತೀರಿ ಅಂತ್ಹೇಳಿ. ಚಲೋ ಆಗ್ಯಾವಲ್ರಿ?”

“ಚೆನ್ನಾಗಿದೆ, ತುಂಬಾ ಚೆನ್ನಾಗಿದೆ,” ಎಂದು ಅವರು ಒಂದು ನಾಣ್ಯವನ್ನು ಅಂಚು ಹಿಡಿದು ಎತ್ತಿದರು. “ಆದ್ರೆ ಇನ್ಮೇಲೆ ಯಾವತ್ತೂ ತೊಳೀಬೇಡಿ. ನೋಡಿ, ಎಲ್ಲಾ ಕಡೆ ಗೀರು ಬಿದ್ದಿದೆ. ನಾಣ್ಯಕ್ಕೆ ಅದರ ಹಳೇ ಬಣ್ಣಾನೇ ಚೆಂದ ಕಣ್ರೀ. ಅಂಚು ಹಿಡಿದು ಎತ್ತಬೇಕು, ಕಾಗದದಲ್ಲಿ ಮಡಿಸಿಡಬೇಕು, ಅಷ್ಟೇ.”

ರುಕ್ಮವ್ವನಿಗೆ ಮುಖ ಎಲ್ಲಿಟ್ಟುಕೊಳ್ಳಬೇಕೋ ತಿಳಿಯಲಿಲ್ಲ. ಆವತ್ತು ರೊಟ್ಟಿಗಳ ಮೇಲೆ ಬಿದ್ದ ಪೆಟ್ಟು ಎರಡು ಬೀದಿ ಆಚೆಗೂ ಕೇಳಿಸಿತು. ಆದರೆ ಮರುದಿನ ಬೆಳಗ್ಗೆ ಆ ನಾಣ್ಯಗಳನ್ನೆಲ್ಲ ಗಲ್ಲಾಕ್ಕೆ ಸುರಿದು, ಬಸವಣ್ಣನವರೊಬ್ಬರನ್ನು ಬಿಟ್ಟು, ಮೊದಲಿನಿಂದ ಶುರು ಮಾಡಿದಳು. ಬಿಳಿ ಹಾಳೆಯನ್ನು ವಿಭೂತಿ ಪೊಟ್ಟಣದ ಹಾಗೆ ಮಡಿಸಿ ಒಂದೊಂದರಲ್ಲಿ ಒಂದೊಂದು ನಾಣ್ಯವಿಟ್ಟಳು. ಆಗ ಗಲ್ಲಾಕ್ಕೆ ಬಂದ ಹೊಳೆಯುವ ನಾಣ್ಯಗಳನ್ನು ಕಂಡು ಗಿರಾಕಿಗಳೆಲ್ಲ ಹೊಸ ಚಿಲ್ಲರೆ ಬಂತೆಂದು ಖುಷಿಪಟ್ಟರು.

ಅವಳು ಎದೆಗುಂದಲಿಲ್ಲ ಎಂದು ಕಂಡ ಕೃಷ್ಣಸ್ವಾಮಿ ಇನ್ನೊಂದು ಪಾಠ ಹೇಳಿದರು. ನಮ್ಮ ದೇಶದಲ್ಲಿ ನಾಣ್ಯ ಅಚ್ಚಾಗುವುದು ನಾಲ್ಕು ಊರುಗಳಲ್ಲಿ. ಇಸವಿಯ ಕೆಳಗೆ ಸಣ್ಣ ಗುರುತಿರುತ್ತದೆ, ಅದನ್ನು ನೋಡಿ ಯಾವ ಊರಿನದೆಂದು ಹೇಳಬಹುದು. “ಚುಕ್ಕಿ ಇದ್ರೆ ನೋಯ್ಡಾ, ವಜ್ರದ ಥರ ಇದ್ರೆ ಮುಂಬೈ, ಏನೂ ಇಲ್ದಿದ್ರೆ ಕೋಲ್ಕತ್ತಾ,” ಎನ್ನುವಷ್ಟರಲ್ಲಿ ಅವರ ಫೋನು ಬಡಿದುಕೊಂಡಿತು. ಪಂಕಜಾ ಅವರದು. ಮಾತು ಅಲ್ಲಿಗೇ ನಿಂತು, ಅವರು ಸ್ಕೂಟರ್ ಹತ್ತಿದರು.

ರುಕ್ಮವ್ವ ಇದನ್ನು ಎಷ್ಟು ನಿಷ್ಠೆಯಿಂದ ಹಿಡಿದಳೆಂದರೆ, ಮಳೆಗಾಲ ಮುಗಿಯುವ ಹೊತ್ತಿಗೆ ಡಬ್ಬಿಯಲ್ಲಿ ಮೂರು ಊರುಗಳ ಮೂರು ಕಟ್ಟು ಮಾಡಿದ್ದಳು. ನೋಯ್ಡಾದ ಕಟ್ಟು ಮಾತ್ರ ಉಳಿದೆರಡಕ್ಕಿಂತ ದಪ್ಪವಾಗಿತ್ತು. ಕೃಷ್ಣಸ್ವಾಮಿ ಅದನ್ನು ಬಿಚ್ಚಿ, ಮಸೂರ ಹಿಡಿದು ನೋಡಿ, ಕನ್ನಡಕ ತೆಗೆದು ಒರೆಸಿಕೊಂಡು ಮತ್ತೆ ನೋಡಿದರು.

“ಇದು ಹೈದರಾಬಾದಿಂದು. ಇದೂ ಹೈದರಾಬಾದಿಂದೇ. ಇದು ನೋಯ್ಡಾ. ಇದು ಮತ್ತೆ ಹೈದರಾಬಾದು. ಯಾಕ್ರೀ ಎಲ್ಲಾ ಕಲಸಿಟ್ಟಿದೀರಾ?”

“ನೀವ ಹೇಳಿದ್ರಲ್ರಿ, ಚುಕ್ಕಿ ಇದ್ರ ನೋಯ್ಡಾ ಅಂತ?”

“ಇದು ಚುಕ್ಕಿ ಅಲ್ಲಾರೀ, ನಕ್ಷತ್ರ!”

“ಮತ್ತ ಚುಕ್ಕಿ ಅಂದ್ರ ಏನ್ರಿ? ಆಕಾಶದಾಗ ಇರೂದಕ್ಕ ನಮ್ಮ ಕಡೆ ಚುಕ್ಕಿನ ಅಂತಾರ. ಚುಕ್ಕಿ ಮೂಡ್ಯಾವು, ಚುಕ್ಕಿ ಮುಳುಗ್ಯಾವು.”

“ಹಾಗಾದ್ರೆ ಇದಕ್ಕೇನಂತೀರಾ?” ಎಂದು ಅವರು ನೋಯ್ಡಾದ ನಾಣ್ಯದ ಕೆಳಗಿನ ದುಂಡನೆಯ ಗುರುತು ತೋರಿಸಿದರು.

“ಅದು ಬೊಟ್ಟಲ್ರಿ!”

ಕೃಷ್ಣಸ್ವಾಮಿ ಕೆಮ್ಮು ಬರುವಷ್ಟು ನಕ್ಕರು. ಗಲ್ಲಾದ ಹಿಂದಿದ್ದ ಕಾಡಪ್ಪ, ಈ ನಾಣ್ಯದ ಹುಚ್ಚು ರೊಕ್ಕ ಇದ್ದವರ ಚಟ ಎಂದು ಅಷ್ಟು ದಿನ ಮುಖ ಗಂಟಿಕ್ಕಿಕೊಂಡಿದ್ದವನು, ಅವನೂ ನಕ್ಕ. ಅಂದಿನಿಂದ ಆ ತಿರುವಿನಲ್ಲಿ ಅವಳ ಹೆಸರು ಚುಕ್ಕಿ ರುಕ್ಮವ್ವ ಎಂದಾಯಿತು. ಕಟ್ಟು ಮೂರಿದ್ದದ್ದು ನಾಲ್ಕಾಯಿತು.

ಆಮೇಲೆ ಡಬ್ಬಿ ತುಂಬುವುದು ನಿಧಾನವಾಯಿತು. ಸುಲಭಕ್ಕೆ ಸಿಗುವುದೆಲ್ಲ ಸಿಕ್ಕಾಗಿತ್ತು. ಒಂದೊಂದು ಸಲ ತಿಂಗಳುಗಟ್ಟಲೆ ಹೊಸದೇನೂ ಬರುತ್ತಿರಲಿಲ್ಲ. ರುಕ್ಮವ್ವನಿಗೆ ಅದರಿಂದ ಬೇಸರವೇನೂ ಆಗಲಿಲ್ಲ. ಊಟದ ಗದ್ದಲ ಮುಗಿದ ಮಧ್ಯಾಹ್ನ ಗಲ್ಲಾ ಸುರಿದುಕೊಂಡು ಕೂರುವ ಆ ಸ್ವಲ್ಪ ಹೊತ್ತು ಅವಳಿಗೆ ಇಷ್ಟವಾಗಿಬಿಟ್ಟಿತ್ತು. ಕೋಲ್ಕತ್ತಾದಲ್ಲಿ ಅಚ್ಚಾದದ್ದು ಯಾರ ಯಾರ ಜೇಬಿನಲ್ಲಿ ಕೂತು, ಯಾವ ಯಾವ ಬಸ್ಸು ಹತ್ತಿ ತನ್ನ ಅಂಗೈಗೆ ಬಂತೋ ಎಂದು ಯೋಚಿಸುತ್ತ ಕೂತರೆ ಸೊಂಟದ ನೋವು ಮರೆತೇ ಹೋಗುತ್ತಿತ್ತು.

ಲೋಹಕ್ಕೆ ಬಣ್ಣ ಹಿಡಿಸುವ ಪೌಡರ್ ಕೋಟಿಂಗ್ ಕೆಲಸದ ಯಮನೂರ ಒಂದು ದಿನ ಊಟ ಮಾಡುತ್ತ, “ಅಕ್ಕಾ, ನಾವೂ ಹುಡುಕತೀವಿ. ಸಿಕ್ಕ್ರ ಏನ ಕೊಡ್ತಿ?” ಎಂದ. ಡಬ್ಬಿಯಲ್ಲಿ ಇಲ್ಲದ ನಾಣ್ಯ ತಂದವರಿಗೆ ನಾಣ್ಯದ ಬೆಲೆಯ ಜೊತೆ ಒಂದು ಶೇಂಗಾ ಹೋಳಿಗೆ ಎಂದು ರುಕ್ಮವ್ವ ಬಾಯಿ ತಪ್ಪಿ ಅಂದುಬಿಟ್ಟಳು. ಅಷ್ಟು ಸಾಕಾಯಿತು. ಖಾನಾವಳಿಗೆ ಬರುವವರೆಲ್ಲ ಬಸ್ಸಿನಲ್ಲಿ, ಬೀಡಾ ಅಂಗಡಿಯಲ್ಲಿ ಚಿಲ್ಲರೆ ತಿರುಗಿಸಿ ನೋಡತೊಡಗಿದರು. ಒಬ್ಬ ನೇಪಾಳದ ನಾಣ್ಯ ತಂದ. ಇನ್ನೊಬ್ಬ ವಿಡಿಯೋ ಗೇಮಿನ ಬಿಲ್ಲೆ ತಂದ. ಲೇತ್ ಕೆಲಸದ ಆಂಜಿನಪ್ಪನಂತೂ ಹಿತ್ತಾಳೆಯ ಬಿಲ್ಲೆಯೊಂದನ್ನು ಗಂಭೀರವಾಗಿ ಮುಂದಿಟ್ಟ. ಮೇಲೆ ರಾಜನದೋ ರಾಣಿಯದೋ ತಿಳಿಯದ ಒಂದು ಮುಖವಿತ್ತು.

“ಬ್ರಿಟಿಷರ ಕಾಲದ್ದು ಅಕ್ಕಾ. ನಮ್ಮ ಅಜ್ಜಿ ಕೊಟ್ಟಿದ್ದು.”

ರುಕ್ಮವ್ವ ಅದನ್ನು ಮೂಗಿಗೆ ಹಿಡಿದಳು. ಲೇತ್ ಎಣ್ಣೆಯ ವಾಸನೆ ಇನ್ನೂ ಹಸಿಯಾಗಿತ್ತು. “ನಿಮ್ಮ ಅಜ್ಜಿನೂ ಪೀಣ್ಯದಾಗ ಕೆಲಸಕ್ಕಿದ್ಲೇನೋ?” ಎಂದಳು. ಆದರೂ ಕೈಚಳಕಕ್ಕೆ ಮೆಚ್ಚಿ ಅರ್ಧ ಹೋಳಿಗೆ ಕೊಟ್ಟಳು.

ನಿಜಕ್ಕೂ ಇಲ್ಲದ ನಾಣ್ಯ ತಂದವರು ಕೃಷ್ಣಸ್ವಾಮಿ. ಮಾರ್ಕೆಟ್ಟಿನಲ್ಲಿ ಬಂದ ಚಿಲ್ಲರೆಯಲ್ಲಿ ಸಿಕ್ಕಿತಂತೆ. ಅದನ್ನು ಅವಳ ಎದುರಿಗಿಟ್ಟರು. ರುಕ್ಮವ್ವ ಎರಡು ರೂಪಾಯಿ ಕೊಟ್ಟಳು. ಅವರು ಏಳಲಿಲ್ಲ.

“ಮತ್ತೇನ್ರಿ ಸರ್?”

“ಹೋಳಿಗೆ.”

“ನಿಮಗ ಸಕ್ಕರಿ ಐತಲ್ರಿ!”

“ರೂಲ್ಸು ಅಂದ್ರೆ ಎಲ್ರಿಗೂ ಒಂದೇ ತಾನೇ? ಪಂಕಜಾಗೆ ಮಾತ್ರ ಹೇಳ್ಬೇಡಿ.”

ಕೊನೆಗೆ ಕಾಲು ಹೋಳಿಗೆಗೆ ರಾಜಿಯಾಯಿತು. ಮಿಕ್ಕ ಮುಕ್ಕಾಲನ್ನು ಯಮನೂರ ಕೇಳದೆಯೇ ತಿಂದ.

ಪೀಣ್ಯಕ್ಕೆ ಮೆಟ್ರೋ ಬಂದ ವರ್ಷ, ಊರೊಳಗಿನ ಕಲ್ಯಾಣಮಂಟಪವೊಂದರಲ್ಲಿ ನಾಣ್ಯಗಳ ಮೇಳವಿದೆಯೆಂದು ಕೃಷ್ಣಸ್ವಾಮಿ ಹೇಳಿದರು. ರುಕ್ಮವ್ವ ನಾಣ್ಯ ನೋಡಲು ಹೊರಟಳು, ಕಾಡಪ್ಪ ಮೆಟ್ರೋ ಹತ್ತುವ ಆಸೆಗೆ ಜೊತೆಗೆ ಹೊರಟ. ಇಳಿಯುವ ಗೇಟಿನಲ್ಲಿ ಪ್ಲಾಸ್ಟಿಕ್ ಟೋಕನ್ ಡಬ್ಬಿಗೆ ಹಾಕಬೇಕೆಂದಾಗ ರುಕ್ಮವ್ವ ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡುತ್ತ ನಿಂತಳು. “ಹಾಕಬೇ, ಹಿಂದ ಮಂದಿ ನಿಂತಾರ,” ಎಂದು ಅವನೇ ಅವಳ ಕೈ ಹಿಡಿದು ಹಾಕಿಸಿದ.

ಮೇಳದಲ್ಲಿ ಮೇಜುಗಳ ಸಾಲು, ಗಾಜಿನ ಪೆಟ್ಟಿಗೆಗಳು, ಶರ್ಟು ಪ್ಯಾಂಟಿನೊಳಗೆ ಸಿಕ್ಕಿಸಿಕೊಂಡ ಜನ. ಬಾಗಿಲಲ್ಲೇ ಅವಳ ಹೆಜ್ಜೆ ತಡೆಯಿತು. ಒಳಗೆ ಹೋಗಲು ದುಡ್ಡು ಕೊಡಬೇಕಿಲ್ಲವೆಂದು ತಿಳಿದ ಮೇಲೆ ಧೈರ್ಯ ಬಂತು. ಒಂದು ಮೇಜಿನ ಮೇಲೆ ಯಾವುದು ತೆಗೆದುಕೊಂಡರೂ ನಲವತ್ತು ರೂಪಾಯಿ ಎಂದು ಬರೆದ ಬುಟ್ಟಿಯಿತ್ತು. ಕೈಯಾಡಿಸಿದರೆ ಮೇಲೆ ಬಂದದ್ದೇ ರೈಲಿಗೆ ನೂರೈವತ್ತು ವರ್ಷ ತುಂಬಿದಾಗ ಅಚ್ಚಾದ ಎರಡು ರೂಪಾಯಿ, ಆನೆಯೊಂದು ಕಂದೀಲು ಹಿಡಿದು ನಿಂತ ನಾಣ್ಯ. ಕೃಷ್ಣಸ್ವಾಮಿಯವರ ಹತ್ತಿರ ಅದನ್ನು ಒಮ್ಮೆ ನೋಡಿದಾಗಿನಿಂದ ವರ್ಷಗಟ್ಟಲೆ ಅವಳು ಗಲ್ಲಾದಲ್ಲಿ ಹುಡುಕುತ್ತಿದ್ದದ್ದು ಅದನ್ನೇ.

ಅವಳ ಮುಖ ನೋಡಿ ಕಾಡಪ್ಪನೇ ಜೇಬಿಗೆ ಕೈ ಹಾಕಿದ. “ತಗೋ. ನಾ ಕೊಡ್ತೀನಿ.”

ರುಕ್ಮವ್ವ ನಾಣ್ಯವನ್ನು ಅಂಚು ಹಿಡಿದು ಒಂದಷ್ಟು ಹೊತ್ತು ನೋಡಿದಳು. ಆಮೇಲೆ ಬುಟ್ಟಿಯಲ್ಲೇ ಇಟ್ಟಳು. “ಬ್ಯಾಡ್ರಿ. ಇಂಥಾದ್ದು ಎಲ್ಲೆರ ತಿರುಗಾಡಾಕ ಹತ್ತಿರತೈತಿ. ಇವತ್ತಲ್ಲ ನಾಳೆ ನಮ್ಮ ಗಲ್ಲಾಕ್ಕ ಬರತೈತಿ. ಕೊಂಡ ಒಯ್ದ್ರ ನಾಳಿಂದ ನಾ ಹುಡುಕೂದೇನು?”

ಪಕ್ಕದ ಮೇಜಿನಲ್ಲಿ ಮಾತ್ರ ಅವಳು ನಿಂತೇಬಿಟ್ಟಳು. ಹಳೆ ಮೈಸೂರಿನ ತಾಮ್ರದ ಕಾಸು. ಸವೆದಿತ್ತು, ಆದರೂ ಬೆನ್ನು, ಸೊಂಡಿಲು, ಬಾಲ ಎಲ್ಲ ಸೇರಿ ಒಂದು ಪುಟಾಣಿ ಆನೆ ಕಾಣುತ್ತಿತ್ತು. ಇದು ಎಷ್ಟು ವರ್ಷ ಕಾದರೂ ಖಾನಾವಳಿಗೆ ತಾನಾಗಿ ಬರುವ ನಾಣ್ಯವಲ್ಲ.

“ತೊಳದೀರೇನ್ರಿ ಇದನ್ನ?” ಎಂದು ಕೇಳಿದಳು.

“ಇಲ್ಲಮ್ಮ, ಇದ್ದ ಹಾಗೇ ಇದೆ. ನೂರೈವತ್ತು,” ಎಂದ ಅಂಗಡಿಯವನು.

“ಆನಿಗೆ ಒಂದ ಕಾಲ ಕಾಣವಲ್ದು. ಅರವತ್ತು ಕೊಡ್ತೀನಿ.”

ಬದನೆಕಾಯಿಗೆ ಚೌಕಾಸಿ ಮಾಡುವ ಅವಳ ವರಸೆಗೆ ಸೋತು ಅಂಗಡಿಯವನು ತೊಂಬತ್ತಕ್ಕೆ ಇಳಿದ. ಖಾಲಿ ಚೀಲದ ದುಡ್ಡಿನ ಗಂಟು ಬಿಚ್ಚಿ ಅವಳು ತಾನೇ ಕೊಟ್ಟಳು. ಕಾಡಪ್ಪನ ನೋಟನ್ನು ಮುಟ್ಟಲಿಲ್ಲ.

“ಒಂದ ಆನಿ ಬ್ಯಾಡಂತ ಇಟ್ಟು ಇನ್ನೊಂದ ಆನಿ ಹೊತಗೊಂಡ ಬಂದಿ,” ಎಂದ ಕಾಡಪ್ಪ, ವಾಪಸು ಮೆಟ್ರೋದಲ್ಲಿ ಕೂತ ಮೇಲೆ. ಆಮೇಲೆ, “ಎಲ್ಲಿ, ಕೊಡಿಲ್ಲೆ,” ಎಂದು ಕೈ ಚಾಚಿದ. ಅಂಚು ಹಿಡಿಯಬೇಕೆಂದು ಅವಳು ಹೇಳುವ ಮೊದಲೇ ಅಂಚು ಹಿಡಿದಿದ್ದ. ಪಕ್ಕದಲ್ಲಿ ಕೂತ ಮುದುಕರೊಬ್ಬರು ಬಗ್ಗಿ ನೋಡಿ, ಇದು ಯಾವ ಕಾಲದ್ದೆಂದು ಕೇಳಿದರು. ಕಾಡಪ್ಪ ಅವರ ಅಂಗೈಗಿಟ್ಟ. ಅವರಿಂದ ಅದು ಎದುರಿನ ಹೆಂಗಸಿಗೆ ಹೋಯಿತು, ಅವರಿಂದ ಕಾಲೇಜಿನ ಹುಡುಗಿಯೊಬ್ಬಳಿಗೆ. ಅವಳು ಫೋನಿನಲ್ಲಿ ಫೋಟೋ ತೆಗೆದಳು. ನಾಣ್ಯ ಒಂದೊಂದು ಕೈ ದಾಟಿದಾಗಲೂ ರುಕ್ಮವ್ವ ಅರ್ಧ ಏಳುತ್ತಿದ್ದಳು, ಮತ್ತೆ ಕೂರುತ್ತಿದ್ದಳು. ಯಾರೋ ಏನೋ ಕೇಳಿದರೆ ಕಾಡಪ್ಪ ಎದೆ ಉಬ್ಬಿಸಿ, “ನಮ್ಮಾಕಿ ಕೂಡಿಸ್ಯಾಳ್ರಿ, ಮನಿಯಾಗ ಇನ್ನೂ ಭಾಳ ಅದಾವು,” ಎಂದು ಹೇಳುತ್ತಿದ್ದ.

ಬೋಗಿಯ ಆ ತುದಿಯಿಂದ ಕಾಸು ತಿರುಗಿ ಬಂದು ಅವಳ ಅಂಗೈಗೆ ಸೇರುವಷ್ಟರಲ್ಲಿ ಪೀಣ್ಯ ಬಂದಿತ್ತು.

ಖಾನಾವಳಿಯ ಬಾಗಿಲಲ್ಲಿ ಹುಡುಗರು ಕಾಯುತ್ತ ಕೂತಿದ್ದರು. ರುಕ್ಮವ್ವ ಹಿಟ್ಟಿನ ಪರಾತಕ್ಕೆ ಕೈ ಹಾಕಲು ಹೋದರೆ ಕಾಡಪ್ಪ ತಡೆದ. “ನೀ ಅದನ್ನ ಕಾಗದದಾಗ ಮಡಚಿಡು ಮೊದ್ಲ. ರೊಟ್ಟಿ ನಾ ಬಡೀತೀನಿ.”

ಅವನು ಬಡಿದ ರೊಟ್ಟಿ ಒಂದು ಕಡೆ ದಪ್ಪ, ಇನ್ನೊಂದು ಕಡೆ ತೂತು. ಯಮನೂರ ಅದನ್ನು ಎತ್ತಿ ಬೆಳಕಿಗೆ ಹಿಡಿದು ನೋಡಿ, ಮತ್ತೆ ತಟ್ಟೆಗಿಟ್ಟು, ಎಣ್ಣೆಗಾಯಿ ಇನ್ನಷ್ಟು ಹಾಕಿಸಿಕೊಂಡು ತಿಂದ.