ಶ್ರೀಕಾರದಿಂದ ಶುರುವಾಗುವ ಫೈಲುಗಳು

ಸನತ್‌ನಗರದ ಔಷಧಿ ಕಾರ್ಖಾನೆಯೊಂದರ ಕಂಪ್ಯೂಟರ್ ಕೋಣೆಯಲ್ಲಿ ಅಮರೇಶಪ್ಪನವರು ಒಬ್ಬರೇ ಕೂರುತ್ತಿದ್ದರು. ಏನೇ ಬರೆದರೂ ಮೊದಲ ಸಾಲಿನಲ್ಲಿ ‘ಶ್ರೀ’ ಹಾಕುವುದು ಅವರ ಮನೆತನದ ರೂಢಿ. ಕಂಪ್ಯೂಟರಿಗೆ ಕೊಡುವ ಆಜ್ಞೆಗಳ ಫೈಲಿಗೂ ಅದನ್ನು ಬಿಡಲಿಲ್ಲ. ಆದರೆ ಅವರು ಬರೆಯಲು ಬಳಸುತ್ತಿದ್ದ ಎಡಿಟರು ಎಂಬ ತಂತ್ರಾಂಶ, ಫೈಲು ಯಾವ ಜಾತಿಯದೆಂದು ತಿಳಿದು ಅಕ್ಷರಗಳಿಗೆ ಬಣ್ಣ ಹಚ್ಚುತ್ತಿದ್ದುದೇ ಮೊದಲ ಸಾಲಿನಿಂದ. ಶ್ರೀಕಾರ ಕಂಡು ಕಕ್ಕಾಬಿಕ್ಕಿಯಾಗಿ, ಎಲ್ಲವನ್ನೂ ಬರೀ ಕಪ್ಪಕ್ಷರದಲ್ಲಿ ತೋರಿಸಿತು.

ಅಮರೇಶಪ್ಪನವರು ಮಣಿಯಲಿಲ್ಲ. ಶ್ರೀ ಇದ್ದದ್ದೆಲ್ಲ ಆಜ್ಞೆಗಳ ಫೈಲೇ ಎಂದು ಎಡಿಟರಿಗೇ ಪಾಠ ಹೇಳಿ, ಆಜ್ಞೆಗೆ ನೀಲಿ, ಟಿಪ್ಪಣಿಗೆ ಕುಂಕುಮದ ಬಣ್ಣ ಹಚ್ಚಿದರು. ರಾಜ್ಯ ಗೆದ್ದವರಂತೆ ಎದ್ದು ನಿಂತರು. ನೋಡಲು ಯಾರೂ ಇರಲಿಲ್ಲ.

ಹಾಗಾಗಿ ಗುಲ್ಬರ್ಗಾದ ಶಾಮಲಾ ಕೆಲಸಕ್ಕೆ ಸೇರಿದಾಗ ಅವರಿಗೊಂದು ಆಸೆ ಹುಟ್ಟಿತು. ಈ ಪದ್ಧತಿಗೆ ಅವಳೂ ಸೇರಿದರೆ ಮಾತಿಗೊಂದು ಜೊತೆಯಾಗುತ್ತದೆ. ತಮ್ಮ ಫೈಲುಗಳನ್ನೆಲ್ಲ, ಜೊತೆಗೆ ಬಣ್ಣದ ಸೆಟ್ಟಿಂಗನ್ನೂ ಅವಳಿಗೆ ಕೊಟ್ಟರು. ಮರುದಿನ ಅವಳ ಮೇಜಿಗೇ ಹೋದರು.

“ಬಣ್ಣ ಬಂದಾವೇನವಾ?”

“ಬಂದಾವ್ರಿ ಸರ್. ಫೈಲಿನ ಜಾತಿ ಮೊದಲನೇ ಸಾಲಿನ್ಯಾಗ ಬರದು, ಶ್ರೀ ಎರಡನೇ ಸಾಲಿಗೆ ಇಳಿಸೀನ್ರಿ.”

“ದೇವರನ್ನ ಇಳಿಸಿದ್ಯಾ! ನನ್ನ ಸೆಟ್ಟಿಂಗ್ ಹಾಕ್ಕೊಂಡಿದ್ರ ಆಗ್ತಿತ್ತಲ್ಲ?”

“ಅಷ್ಟ್ಯಾಕ್ರಿ ಸರ್? ಹಿಂಗಾದ್ರ ಯಾವ ಮಷೀನಿನ್ಯಾಗ ತೆಗದ್ರೂ ಬಣ್ಣ ಬರ್ತಾವ್ರಿ.”

ಅಮರೇಶಪ್ಪನವರು ಹ್ಞೂಂ ಅಂದರು. ಪದ್ಧತಿ ಹಾಳಾಗಿ ಹೋಗಲಿ, ಡಬ್ಬಿ ತಂದಿದ್ದರೆ ಕೂಡಿ ಉಣ್ಣೋಣ ಬಾ ಎನ್ನಬೇಕೆನಿಸಿತು. ಬಾಯಿಂದ ಬಂದದ್ದು ಬೇರೆ.

“ಅದಿರ್ಲಿ, ಸಾಲಿನ ಶುರುವಿನ್ಯಾಗ ಎಷ್ಟು ಜಾಗ ಬಿಟ್ಟೀದಿ?”