ಲಕ್ಷ್ಮಿ ಅವ್ವಂದಿರಿಗೊಂದು ಫೋರಂ

ಅಕ್ಕೋರು ಮಾತಾಡುವಾಗ ಸೆರಗಿನ ತುದಿಯನ್ನು ಬಾಯಿಗೆ ಅಡ್ಡ ಹಿಡಿಯುತ್ತಿದ್ದರು. ಹೊಸಬರು ಅದನ್ನು ಸಂಕೋಚ ಎಂದುಕೊಳ್ಳುತ್ತಿದ್ದರು. ಸಂಕೋಚ ಅವರ ಹತ್ತಿರ ಸುಳಿದದ್ದೇ ಇಲ್ಲ. ಕಿವಿ ಮಂದವಾದ ಮಕ್ಕಳಿಗೆ ಮಾತು ಕಲಿಸಿ ಕಲಿಸಿ ಬಂದ ರೂಢಿ ಅದು. ಮಗು ತುಟಿ ನೋಡಿ ಊಹಿಸಬಾರದು, ಕಿವಿಯ ಮಶೀನಿನಿಂದಲೇ ಕೇಳಿಸಿಕೊಳ್ಳಬೇಕು. ಮೆಂತ್ಯೆಸೊಪ್ಪಿಗೆ ಚೌಕಾಸಿ ಮಾಡುವಾಗಲೂ ಅವರ ಸೆರಗು ಮೇಲೇರುತ್ತಿತ್ತು.

ಸಿಂದಗಿಯಲ್ಲಿ ನಮ್ಮ ಹಿಂದಿನ ಓಣಿಯೇ ಅವರದು. ಫೋರಂ ಆರಿಸಿದ ದಿನದ ಬೆಳಗು ಎಂದಿನಂತೆಯೇ ಶುರುವಾಯಿತು. ಹಂಚಿನ ಮೇಲೊಂದು ರೊಟ್ಟಿ ಹಾಕಿ, ಮಗಳ ಕಿವಿಗೆ ಮಶೀನು ಸಿಕ್ಕಿಸಿ, ಅಕ್ಕೋರು ಹೇಳಿಕೊಟ್ಟಂತೆ ಅವಳ ಬೆನ್ನ ಹಿಂದೆ ನಿಂತು "ಆ", "ಊ", "ಈ", "ಮ್", "ಶ್", "ಸ್" ಅಂದೆ. ಕೇಳಿಸಿದಾಗಲೆಲ್ಲ ಅವಳು ಒಂದು ಶೇಂಗಾ ಬೀಜವನ್ನು ಬಟ್ಟಲಿಗೆ ಹಾಕಬೇಕು. "ಸ್" ಅಂದಾಗ ಬಟ್ಟಲು ಬಿಟ್ಟು ಬಾಯಿಗೆ ಹಾಕಿಕೊಂಡಳು. ಕೇಳಿಸಿತಲ್ಲ, ಅಷ್ಟು ಸಾಕು.

ಇಂಥ ಮಕ್ಕಳ ತಾಯಂದಿರಿಗಾಗಿ ಅಕ್ಕೋರು ಫೋನಿನಲ್ಲಿ ಒಂದು ಗ್ರೂಪು ಮಾಡಿದ್ದರು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನಬಾಗೇವಾಡಿ ಕಡೆಯ ತಾಯಂದಿರೆಲ್ಲ ಅದರಲ್ಲಿದ್ದರು. ಆದರೆ ಅದು ಶುಭೋದಯದ ಗುಲಾಬಿಗಳಲ್ಲೇ ಮುಳುಗಿಹೋಗಿತ್ತು. ಮಗಳ ಮಶೀನು ಸಿಳ್ಳೆ ಹೊಡೆಯುತ್ತದೆ, ಏನು ಮಾಡಲಿ ಎಂದು ಕನ್ನೊಳ್ಳಿಯ ತಾಯಿಯೊಬ್ಬಳು ಕೇಳಿದ್ದು ಯಾರ ಕಣ್ಣಿಗೂ ಬೀಳಲಿಲ್ಲ. ಕಾದು ಕಾದು, ಕೆಟ್ಟಿತೆಂದು ಅವಳು ಅದನ್ನು ಟ್ರಂಕಿಗೆ ಹಾಕಿಟ್ಟಳು. ಮಗುವಿಗೆ ಆಗಷ್ಟೇ ಬರುತ್ತಿದ್ದ ಮಾತು ನಿಂತುಹೋಯಿತು.

ವಿಷಯ ತಿಳಿದಾಗ ಅಕ್ಕೋರು ಯಾರನ್ನೂ ಬೈಯಲಿಲ್ಲ. "ಕೇಳಿದ್ ಪ್ರಶ್ನಿ ಕೇಳಿದಲ್ಲೇ ಕುಂತಿರ್ಬೇಕು ನೋಡವಾ. ಮ್ಯಾಲ ಮ್ಯಾಲ ಹೂವು ಸುರುವಿದ್ರ ಅದು ಹೆಣಾ ಆಗ್ತೈತಿ," ಎಂದರು.

ವಿಜಯಪುರದಲ್ಲಿ ಕಂಪ್ಯೂಟರ್ ಕಲಿಸುವ ಅವರ ಸೊಸೆ ಎರಡು ಬಗೆಯ ಫೋರಂ ಸಾಫ್ಟ್‌ವೇರ್‌ಗಳನ್ನು ಪರೀಕ್ಷೆಗೆಂದು ಹಾಕಿಕೊಟ್ಟಿದ್ದಳು. ಎರಡರಲ್ಲೂ ಒಂದು ಪ್ರಶ್ನೆಗೆ ಒಂದು ಪುಟ, ಅದರ ಕೆಳಗೆ ಅದರದೇ ಉತ್ತರಗಳು. ಒಂದನ್ನು ಆರಿಸಬೇಕಾದ್ದು ಆ ದಿನ. ಊರೂರಿನ ತಾಯಂದಿರು ತಂತಮ್ಮ ಫೋನಿನಿಂದಲೇ ಸೇರುತ್ತಿದ್ದರು. ಕನ್ನೊಳ್ಳಿಯ ತಾಯಿ ಮಾತ್ರ ಮಗಳನ್ನು ಕಟ್ಟಿಕೊಂಡು ಅಕ್ಕೋರ ಮನೆಗೇ ಬಂದಿದ್ದಳು. ನಾನು ಕಾನ್ವೆಂಟಿನಲ್ಲಿ ಕಲಿತವಳೆಂದು ಇಂಗ್ಲಿಷ್ ಸೂಚನೆ ಓದಿ ಹೇಳುವ ಕೆಲಸ ನನ್ನದಾಯಿತು.

ಮೊದಲನೆಯದು ಬಲು ಚೆಂದ. ತಿಳಿ ಬಣ್ಣ, ಹೆಚ್ಚು ಉತ್ತರ ಕೊಟ್ಟವರಿಗೆ ಪುಟ್ಟ ಪುಟ್ಟ ಪದಕ. ನನಗೆ ನೋಡಿದಾಕ್ಷಣ ಮನಸ್ಸಾಗಿತ್ತು. ಕನ್ನೊಳ್ಳಿಯವಳು ಹೆಸರಿನ ಜಾಗದಲ್ಲಿ "ಲಕ್ಷ್ಮಿ ಅವ್ವ" ಎಂದು ಹಾಕಿದಳು. ಈ ಹೆಸರು ಆಗಲೇ ಬೇರೆಯವರದಾಗಿದೆ, ಮುಂದೆ 2 ಎಂಬ ಅಂಕಿ ಸೇರಿಸಿ ಎಂದಿತು ಫೋರಂ.

"ಅಲ್ರಿ ಅಕ್ಕೋರ, ನನ್ನ ಮಗಳ ಹೆಸ್ರು ಯಾರೋ ತಗೊಂಡಾರಂತ! ಎರಡನೇ ನಂಬರಿನಾಕಿ ಏನ್ರಿ ನಮ್ಮ ಲಕ್ಷ್ಮಿ?"

"ನಿಮ್ಮದೇ ಹೆಸರು ಹಾಕಿ," ಎಂದೆ ನಾನು.

"ಆ ಹೆಸ್ರಿಲೆ ನನ್ನ ಯಾರೂ ಕರಿಯಂಗಿಲ್ರಿ ಬಾಯಾರ. ಪಾಸ್‌ವರ್ಡ್ ಮರ್ತಂಗ ಮರ್ತ ಬಿಡ್ತೇನಿ."

ಅಷ್ಟರಲ್ಲಿ ಅಕ್ಕೋರ ಫೋನು ಬಡಿದುಕೊಳ್ಳತೊಡಗಿತು. ಇಂಡಿಯಿಂದಲೂ ಅದೇ ದೂರು, ಬಾಗೇವಾಡಿಯಿಂದಲೂ ಅದೇ. ಎಲ್ಲರೂ ಲಕ್ಷ್ಮಿ ಅವ್ವಂದಿರೇ! ಅಕ್ಕೋರು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

ಎರಡನೆಯದು ಬೋಳು ಬೋಳಾಗಿತ್ತು. ಆದರೆ ಒಂದೇ ಹೆಸರನ್ನು ಎಷ್ಟು ಜನ ಬೇಕಾದರೂ ಇಟ್ಟುಕೊಳ್ಳಬಹುದಿತ್ತು, ಹೆಸರಿನ ಕೆಳಗೆ ಊರು ಕಾಣುತ್ತಿತ್ತು. ಕನ್ನಡದಲ್ಲಿ ಹುಡುಕಿದರೆ ಹಳೆಯ ಪ್ರಶ್ನೆ ಸಿಗುತ್ತಿತ್ತು. ಅಕ್ಕೋರು ಸೊಸೆಗೆ ಫೋನು ಮಾಡಿ, ಬಾಡಿಗೆ ಮನೆ ನೋಡುವವರ ಹಾಗೆ ಕೇಳಿದರು: "ನಾಳೆ ಇದನ್ನ ಬಿಟ್ಟು ಹೋಗೂ ಹೊತ್ತು ಬಂದ್ರ, ಬರದದ್ದೆಲ್ಲಾ ನಮ್ಮ ಕೂಡ ಬರ್ತೈತಿಲ್ಲೋ?" ಬರುತ್ತದೆ ಎಂದಳು ಅವಳು.

"ಆದರೆ ಅಕ್ಕೋರೇ, ಅದರಲ್ಲಿ ಪದಕ..." ಎಂದೆ ಮೆಲ್ಲಗೆ.

"ಪದಕ ಹಾಕ್ಕೊಂಡು ರೊಟ್ಟಿ ಬಡೀತೀ ಏನವಾ? ಇದ ಇರ್ಲಿ."

ಸಿಳ್ಳೆಯ ಪ್ರಶ್ನೆಯನ್ನೇ ಮೊದಲು ಹಾಕಿದೆವು. ಚಹಾ ಕುಡಿದು ಮುಗಿಯುವಷ್ಟರಲ್ಲಿ "ಲಕ್ಷ್ಮಿ ಅವ್ವ, ತಾಳಿಕೋಟೆ" ಎಂಬಾಕೆಯ ಉತ್ತರ ಬಂತು: "ಮಶೀನ್ ಕೆಟ್ಟಿಲ್ರಿ. ಹುಡುಗಿ ಬೆಳದಾಳ. ಕಿವ್ಯಾಗ ಕೂಡೂ ಅಚ್ಚು ಸಣ್ಣದಾಗಿ ಸಂದಿನಾಗ ಸಪ್ಪಳ ಸೋರತೈತಿ, ಅದಕ್ಕ ಸಿಳ್ಳಿ. ಹೊಸಾದು ಮಾಡಸ್ರಿ."

ಕನ್ನೊಳ್ಳಿಯವಳು ಮಗಳನ್ನು ತನ್ನ ಮುಂದೆ ನಿಲ್ಲಿಸಿಕೊಂಡು ನೋಡಿದಳು. ಲಂಗ ಮೊಣಕಾಲಿಗೆ ಏರಿತ್ತು. "ಹೌದಲ್ರಿ, ಬೆಳದಾಳ," ಎಂದಳು, ಯಾರೋ ಉಡುಗೊರೆ ಕೊಟ್ಟಂತೆ. ನಾಳೆಯೇ ವಿಜಯಪುರಕ್ಕೆ ಹೋಗಿ ಹೊಸ ಅಚ್ಚು ಮಾಡಿಸುವುದೆಂದು ಅಲ್ಲಿಯೇ ತೀರ್ಮಾನವಾಯಿತು.

ಅಕ್ಕೋರು ಈಗ ಮುದ್ದೇಬಿಹಾಳದಲ್ಲಿ ತಂಗಿಯ ಮನೆಯಲ್ಲಿದ್ದಾರೆ. ಬೆಳಗೆದ್ದು ಫೋರಂ ತೆರೆದು, ಉತ್ತರವಿಲ್ಲದ ಪ್ರಶ್ನೆ ಇದ್ದರೆ ನನಗೆ ಫೋನು ಮಾಡುತ್ತಾರೆ: "ಎದ್ದೀ ಏನವಾ? ಅಲ್ಲಿ ಒಬ್ಬಾಕಿ ತಾನೊಬ್ಬಾಕಿನೇ ಕುಂತಾಳ ನೋಡು." ಮಗಳಿಗೆ ಕಿವಿ ಕೇಳಿಸದೆಂದು ತಿಳಿದು ನಾನು ದಿಕ್ಕು ತೋಚದೆ ಕುಳಿತಿದ್ದ ದಿನಗಳಲ್ಲಿ ಕರೆಯದೆಯೇ ಹಿಂದಿನ ಓಣಿಯಿಂದ ಬಂದು ಪಕ್ಕದಲ್ಲಿ ಕುಳಿತವರು ಅವರು. ಆ ಋಣ ತೀರುವಂಥದ್ದಲ್ಲ. ಅದಕ್ಕೇ ಅವರು ಹೇಳಿದಾಕೆಗೆ ಹಿಟ್ಟಿನ ಕೈಯಲ್ಲೇ ಉತ್ತರ ಬರೆಯುತ್ತೇನೆ.

ಫೋರಂ ಆರಿಸಿದ ಆ ಸಂಜೆ ಬಸ್ಸಿಗೆ ಇನ್ನೂ ಹೊತ್ತಿತ್ತು. ಕನ್ನೊಳ್ಳಿಯ ತಾಯಿ ನಮ್ಮ ಮನೆಯ ಕಟ್ಟೆಯ ಮೇಲೆ ಕುಳಿತಿದ್ದಳು. ಅಂಗಳದಲ್ಲಿ ನನ್ನ ಮಗಳು ಬೆಕ್ಕನ್ನು ಎದುರಿಗೆ ಕೂರಿಸಿಕೊಂಡು ಅದಕ್ಕೆ ಒಂದೇ ಸಮನೆ ಬುದ್ಧಿ ಹೇಳುತ್ತಿದ್ದಳು. ಲಕ್ಷ್ಮಿ ಬಾಯಿ ತೆರೆದು ನೋಡುತ್ತಿದ್ದಳು.

"ನಮ್ಮಾಕಿನೂ ಹಿಂಗ ಮಾತಾಡ್ತಾಳೇನ್ರಿ ಬಾಯಾರ?"

ನಾನು ಬಾಯಿ ತೆರೆಯುವ ಮೊದಲೇ, ಪಕ್ಕದ ಮನೆಗೆ ಹೊಸದಾಗಿ ಬಾಡಿಗೆಗೆ ಬಂದಾಕೆ ಗೋಡೆಯ ಮೇಲಿಂದ ಇಣುಕಿದಳು.

"ಬಾಯಾರ, ನಿಮ್ಮ ಹುಡುಗಿಗಿ ಒಂದೀಟು ಸುಮ್ಮನಿರಂತ ಹೇಳ್ರಿ. ಸೀರಿಯಲ್ಲಿನಾಗ ಏನಂದ್ರೋ ಏನೋ, ಒಂದೂ ಕೇಳ್ಸವಲ್ದು."